ಪೂರ್ತಿ ಸಂಬಳದ ತಿಂಗಳು

ನನ್ನ ಹೆಂಡತಿಯ ಸಂಬಳದ ಚೀಟಿಯನ್ನು ನಾನು ಮೊದಲ ಸಲ ನೋಡಿದ್ದು ದೇವರಾಜ ಮೊಹಲ್ಲಾದಲ್ಲಿ, ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲೆ. ಅಲ್ಲಿ ವೀಸಾ ಅರ್ಜಿಗಳ ಕೆಲಸ ನೋಡುವ ವಕೀಲೆಯೊಬ್ಬರ ಕಚೇರಿಯಿದೆ. ನಮ್ಮ ಮದುವೆಯಾಗಿ ಇನ್ನೂ ತಿಂಗಳಾಗಿರಲಿಲ್ಲ, ಹೆಂಡತಿ ಇಂಗ್ಲೆಂಡಿಗೆ ವಾಪಸಾಗಿ ವಾರವೂ ಕಳೆದಿರಲಿಲ್ಲ. ವಕೀಲೆ ಆ ಚೀಟಿಯನ್ನು ನನ್ನ ಕಡೆಗೆ ತಿರುಗಿಸಿಟ್ಟು, "ಮೊದ್ಲು ಇದನ್ನ ನೋಡಿ, ಆಮೇಲೆ ಮಾತಾಡೋಣ" ಅಂದರು. ನಾನು ಹೆಂಡತಿಯ ಹೆಸರನ್ನೂ ಓದದೆ ಮೊದಲು ಕಡಿತಗಳನ್ನೆಲ್ಲ ಮನಸ್ಸಿನಲ್ಲೇ ಕೂಡಿದೆ. ಲೆಕ್ಕ ಸರಿಯಾಗಿತ್ತು.

ಇದು ಹೊಟ್ಟೆಪಾಡಿನಿಂದ ಅಂಟಿಕೊಂಡ ಚಾಳಿ. ಹೆಬ್ಬಾಳದ ಕೈಗಾರಿಕಾ ಪ್ರದೇಶದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ನಾನು ಸಂಬಳ ವಿಭಾಗದ ಗುಮಾಸ್ತ. ತಿಂಗಳ ಕೊನೆಗೆ ಹಾಜರಿ ತರಿಸಿಕೊಂಡು, ರಜೆ ತಾಳೆ ನೋಡಿ, ಪಿಎಫ್ ಇಎಸ್‌ಐ ಕಳೆದು, ಎಲ್ಲರ ಸಂಬಳದ ಚೀಟಿ ತೆಗೆಯುವುದು ನನ್ನ ಕೆಲಸ. ರಜೆ ಮುಗಿದ ಮೇಲೂ ಗೈರಾದವರ ದಿನಗಳನ್ನು 'ಸಂಬಳ ರಹಿತ' ಎಂಬ ಕಾಲಮಿನಲ್ಲಿ ಹಾಕಬೇಕು. ಹಾಕಿದ ಕೂಡಲೇ ಕಂಪ್ಯೂಟರಿನಲ್ಲಿ ಆ ಹೆಸರು ಕೆಂಪಗಾಗುತ್ತದೆ, 'ಹಾಜರಿ ಕಡಿಮೆ ಇದೆ, ಮುಂದುವರಿಸಬೇಕೆ?' ಎಂದು ಕೇಳುತ್ತದೆ. ನಾನು ಹೌದು ಅಂತ ಒತ್ತಿದ ಮೇಲೇ ಚೀಟಿ ಹೊರಬರುವುದು.

ಹೆಂಡತಿ ಸಿದ್ಧಾರ್ಥನಗರದವಳು, ನರ್ಸ್. ನಮ್ಮ ಮದುವೆಗೆ ಎಷ್ಟೋ ವರ್ಷ ಮೊದಲೇ ಇಂಗ್ಲೆಂಡಿಗೆ ಹೋಗಿ, ಅಲ್ಲಿ ಕಾಯಮ್ಮಾಗಿ ಇರುವ ಹಕ್ಕು ಪಡೆದಿದ್ದಳು. ಇಬ್ಬರಿಗೂ ವಯಸ್ಸು ಮೀರಿತು ಎಂದು ನೆಂಟರೆಲ್ಲ ಕೈಬಿಟ್ಟ ಮೇಲೆ ಕೂಡಿಬಂದ ಸಂಬಂಧ ನಮ್ಮದು. ನನ್ನಂಥ ಗುಮಾಸ್ತರು ಎಲ್ಲಿ ಬೇಕಾದರೂ ಬದುಕಬಹುದು, ಆದರೆ ಅವಳ ಕೆಲಸಕ್ಕೆ ಅಲ್ಲಿ ಸಿಗುವ ಮರ್ಯಾದೆ ಇಲ್ಲಿ ಸಿಗುವುದಿಲ್ಲ. ಆದ್ದರಿಂದ ಹೋಗುವವನು ನಾನು ಎಂದು ಮದುವೆಗೆ ಮೊದಲೇ ಮಾತಾಗಿತ್ತು. ಕಾರ್ಖಾನೆಯಲ್ಲಿ ಇದು ಗೊತ್ತಾದಾಗ, "ಏನ್ ಸಾರ್, ನಿಮ್ಮನ್ನ ಮನೆ ತುಂಬಿಸ್ಕೋತಾರಂತೆ?" ಎಂದು ಎಲ್ಲರೂ ಕಾಲೆಳೆದರು. ನಾನೂ ನಕ್ಕೆ.

ನಗು ಆರಿದ್ದು ವಕೀಲೆಯ ಕಚೇರಿಯಲ್ಲಿ. ಗಂಡನನ್ನು ಕರೆಸಿಕೊಳ್ಳುವ ಹೆಂಡತಿಗೆ ಅಲ್ಲಿನ ಸರ್ಕಾರ ಗೊತ್ತುಮಾಡಿದಷ್ಟು ವರ್ಷದ ಆದಾಯ ಇರಲೇಬೇಕು. ಇವಳು ಮುಂದಿನ ಓದಿನ ಜೊತೆಗೆ ಮುಕ್ಕಾಲು ಹೊತ್ತಿನ ಕೆಲಸ ಮಾಡುತ್ತಿದ್ದಳು, ಆ ಸಂಬಳ ಸಾಲದು. ಪೂರ್ತಿ ಹೊತ್ತಿನ ಕೆಲಸಕ್ಕೆ ಬದಲಾದರೆ ಗೆರೆಯನ್ನು ಕೂದಲೆಳೆಯಷ್ಟು ದಾಟುತ್ತಾಳೆ. ಹಾಗೆ ದಾಟಿದ ಸಂಬಳದ ಆರು ತಿಂಗಳ ಚೀಟಿ, ಅದೇ ಹಣ ಬ್ಯಾಂಕಿಗೆ ಬಿದ್ದದ್ದಕ್ಕೆ ದಾಖಲೆ, ಆಸ್ಪತ್ರೆಯಿಂದ ಒಂದು ಪತ್ರ, ಈ ಮೂರೂ ಒಂದಕ್ಕೊಂದು ತಾಳೆಯಾದರೆ ಅರ್ಜಿ ಹಾಕಬಹುದು.

"ಮತ್ತೆ ನನ್ನ ಸಂಬಳ ಮೇಡಂ?" ಅಂದೆ.

"ನಿಮ್ದು ಲೆಕ್ಕಕ್ಕೆ ಬರಲ್ಲ ಸಾರ್."

"ಪೂರಾ ಬರಲ್ವಾ?"

"ಒಂದು ರೂಪಾಯೀನೂ ಬರಲ್ಲ. ಅವರ ದುಡಿಮೆ ಮಾತ್ರ. ಇನ್ನೊಂದು ವಿಷ್ಯ, ಆರು ತಿಂಗಳಲ್ಲಿ ಯಾವ ತಿಂಗಳ ಸಂಬಳ ಎಲ್ಲಕ್ಕಿಂತ ಕಮ್ಮಿಯೋ, ಅದನ್ನೇ ಹಿಡ್ಕೊಂಡು ವರ್ಷದ ಲೆಕ್ಕ ಹಾಕ್ತಾರೆ. ಜ್ಞಾಪಕ ಇರ್ಲಿ."

ತಲೆಯಾಡಿಸಿದೆ. ನನ್ನ ಸಂಬಳ ಲೆಕ್ಕಕ್ಕಿಲ್ಲ ಎಂಬ ಅವಮಾನದಲ್ಲಿ ಎರಡನೆಯ ಮಾತು ಕಿವಿಗೆ ಬಿದ್ದರೂ ಒಳಗೆ ಇಳಿಯಲಿಲ್ಲ. ಹೆಂಡತಿ ಜೂನ್ ಒಂದರಿಂದ ಪೂರ್ತಿ ಹೊತ್ತಿನ ಕೆಲಸಕ್ಕೆ ಸೇರಿದಳು. ನವೆಂಬರಿನ ಚೀಟಿ ಕೈಗೆ ಬಂದರೆ ಆರು ತಿಂಗಳು ತುಂಬುತ್ತದೆ ಎಂದು ಇಬ್ಬರೂ ಲೆಕ್ಕ ಹಾಕಿಕೊಂಡೆವು.

ನಾನಿರುವುದು ನಜರ್‌ಬಾದ್‌ನ ಒಂದು ಬಾಡಿಗೆ ಮನೆಯಲ್ಲಿ. ಆ ಮನೆಯಲ್ಲಿ ಅವಳು ಇದ್ದದ್ದು ಮೂರು ವಾರಕ್ಕೂ ಕಡಿಮೆ. ಅಷ್ಟರಲ್ಲೇ ಅಡುಗೆಮನೆಯ ಡಬ್ಬಗಳನ್ನೆಲ್ಲ ತನಗೆ ಬೇಕಾದ ಹಾಗೆ ಬದಲಾಯಿಸಿಟ್ಟಿದ್ದಳು. ಜೀರಿಗೆ ಇದ್ದಲ್ಲಿ ಈಗ ಸಕ್ಕರೆ, ಸಕ್ಕರೆ ಇದ್ದಲ್ಲಿ ರವೆ. ಅವಳು ಹೋದ ಮೇಲೆ ದಿನವೂ ತಪ್ಪು ಡಬ್ಬಕ್ಕೇ ಕೈ ಹಾಕುತ್ತಿದ್ದೆ. ಒಂದು ಸಲ ಕಾಫಿಗೆ ರವೆ ಸುರಿದದ್ದೂ ಉಂಟು. ಆದರೂ ಡಬ್ಬಗಳನ್ನು ಹಳೇ ಜಾಗಕ್ಕೆ ಇಡಲು ಮನಸ್ಸು ಬರಲಿಲ್ಲ. ಅವಳು ಆ ಮನೆಯಲ್ಲಿ ಇದ್ದಳು ಎನ್ನುವುದಕ್ಕೆ ಉಳಿದ ಸಾಕ್ಷಿ ಅದೊಂದೇ ಅನ್ನಿಸುತ್ತಿತ್ತು.

ಭಾನುವಾರ ಮಾತ್ರ ಸಿದ್ಧಾರ್ಥನಗರದ ಅತ್ತೆಯ ಮನೆಯಲ್ಲಿ ಊಟ. ಅಲ್ಲಿ ಅತ್ತೆ ಮತ್ತು ನನ್ನ ಭಾಮೈದ, ಅಂದರೆ ಹೆಂಡತಿಯ ತಮ್ಮ, ಇಬ್ಬರೇ. ಆಷಾಢದಲ್ಲಿ ಹೊಸ ಮದುವಣಗಿತ್ತಿ ತವರಿಗೆ ಹೋಗುವುದು ನಮ್ಮ ಕಡೆಯ ರೂಢಿ. ನಮ್ಮ ವಿಷಯದಲ್ಲಿ ಅವಳು ಇಂಗ್ಲೆಂಡಿನಲ್ಲಿ, ಅವಳ ತವರಿಗೆ ಹೋದವನು ನಾನು. ಅತ್ತೆ ನನ್ನನ್ನು ಯಾವಾಗಲೂ ಕಿಟಕಿಯ ಪಕ್ಕದ ಕುರ್ಚಿಯಲ್ಲೇ ಕೂರಿಸಿ ಬಡಿಸುತ್ತಿದ್ದರು. ಅದು ಮಗಳು ಕೂರುತ್ತಿದ್ದ ಜಾಗ ಎಂದು ಭಾಮೈದ ಹೇಳಿದ ಮೇಲೆ ಗೊತ್ತಾಯಿತು. ನಾವಿಬ್ಬರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೆ ಆ ಮನೆಯಲ್ಲಿ ಅತ್ತೆ ಅಳಿಯ ಇಬ್ಬರೂ ಕಾಯುತ್ತಿದ್ದದ್ದು ಒಬ್ಬಳನ್ನೇ.

ಶ್ರಾವಣ ಕಳೆಯುತ್ತಿದ್ದ ಹಾಗೆ ಅತ್ತೆಗೆ ಗೌರಿ ಹಬ್ಬದ ಯೋಚನೆ ಹತ್ತಿತು.

"ಮದ್ವೆ ಆದ ಮೊದುಲ್ನೇ ಗೌರಿ ಕಣ್ರೀ ಅಳಿಯಂದ್ರೇ. ಈ ವರ್ಷ ಅವ್ಳು ಇಲ್ಲಿ ಬಾಗಿನ ಇಸ್ಕೊಳ್ದೆ ಇದ್ರೆ ಎಂಗೆ? ಮುಂದಿನ್ ವರ್ಷ ಬಂದ್ರೆ ಅದು ಎರಡ್ನೇ ಗೌರಿ ಆಯ್ತದೆ."

ಅವರ ಮಾತಿಗೆ ಎದುರು ವಾದವೇ ಇರಲಿಲ್ಲ. ಆ ದಿನವೇ ಹೆಂಡತಿ ಫೋನಿನಲ್ಲಿ, "ವರ್ಷದ ರಜೆಯೆಲ್ಲ ಮದುವೆಗೇ ಖರ್ಚಾಗೋಯ್ತು ಕಣ್ರೀ. ಕೆಲವೇ ದಿನ ಉಳಿದಿದೆ. ಮಿಕ್ಕಿದ್ದು ಸಂಬಳ ಇಲ್ಲದ ರಜೆ ಅಂದ್ರೆ ಕೊಡ್ತಾರಂತೆ. ಬಂದ್ಬುಡ್ಲಾ?" ಎಂದು ಕೇಳಿದಳು.

"ಬಂದ್ಬುಡು" ಅಂದೆ. ಒಂದು ಕ್ಷಣವೂ ಯೋಚಿಸಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ವಕೀಲೆಯನ್ನು ಒಂದು ಮಾತು ಕೇಳುತ್ತಿದ್ದರೇನೋ. ಸಂಬಳದ ವಿಷಯವನ್ನು ಇನ್ನೊಬ್ಬರನ್ನು ಕೇಳುವುದು ನನಗೆ ಹೊಳೆಯಲೇ ಇಲ್ಲ. ಕಾರ್ಖಾನೆಯಲ್ಲಿ ಯಾರಾದರೂ ಹಬ್ಬಕ್ಕೆಂದು ಊರಿಗೆ ಹೋಗಿ ನಾಲ್ಕು ದಿನ ಹೆಚ್ಚು ಉಳಿದರೆ, ಮ್ಯಾನೇಜರಿಗೆ ಹೇಳಿ ಮುಂದಿನ ವರ್ಷದ ರಜೆಯಲ್ಲಿ ಹೊಂದಿಸಿಬಿಡುತ್ತಿದ್ದೆ. ಹೊಂದಿಸಿಕೊಡದ ಸಂಬಳ ವಿಭಾಗ ಭೂಮಿಯ ಮೇಲೆ ಇದೆ ಎಂದೇ ನನಗೆ ತಿಳಿದಿರಲಿಲ್ಲ.

ಅವಳು ಬಂದಳು. ಅತ್ತೆ ಮೊರಗಳಿಗೆ ಅರಿಶಿನ ಬಳಿದು, ಬಳೆ, ಬಿಚ್ಚೋಲೆ, ಧಾನ್ಯ, ರವಿಕೆ ಕಣ ಎಲ್ಲ ಜೋಡಿಸಿ, ಮಗಳ ಸೆರಗಿಗೆ ಬಾಗಿನ ಕೊಟ್ಟರು. ನಜರ್‌ಬಾದ್‌ನ ಮನೆಗೆ ಬಂದವಳೇ ಮೊದಲು ಅಡುಗೆಮನೆಗೆ ಹೋಗಿ, ಡಬ್ಬಗಳು ತಾನಿಟ್ಟಲ್ಲೇ ಇರುವುದನ್ನು ನೋಡಿ, ನನ್ನ ಕಡೆ ತಿರುಗಿದಳು. ಸಂಜೆ ಸ್ಕೂಟರಿನಲ್ಲಿ ಕಾರಂಜಿ ಕೆರೆಯ ಕಡೆ ಸುತ್ತಿ ಬರುತ್ತಿದ್ದೆವು. ಹಿಂದೆ ಕೂತವಳು ಏನೋ ಹೇಳುತ್ತಿದ್ದಳು, ಗಾಳಿಗೆ ಅರ್ಧ ಕೇಳುತ್ತಿರಲಿಲ್ಲ, ನಾನು ಎಲ್ಲದಕ್ಕೂ ಹೂಂ ಅನ್ನುತ್ತಿದ್ದೆ. ಆ ಎರಡು ವಾರ ನನ್ನ ಬದುಕಿನ ಅತ್ಯಂತ ಸುಖದ ದಿನಗಳು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಅವಳು ವಾಪಸಾದ ಮೇಲೆ ಸೆಪ್ಟೆಂಬರಿನ ಚೀಟಿ ಬಂತು. ವಕೀಲೆ ಅದನ್ನು ನೋಡಿ ಕನ್ನಡಕ ತೆಗೆದರು.

"ಇದೇನ್ ಸಾರ್ ಇದು?"

"ಹಬ್ಬಕ್ಕೆ ಬಂದಿದ್ಲು ಮೇಡಂ. ಮೊದಲ ಗೌರಿ."

"ಗೌರಿ ಮಾಡಿದ್ದು ಸರಿ. ನನ್ನೊಂದ್ ಮಾತು ಕೇಳ್ಬಾರ್ದಿತ್ತಾ? ಈಗ ಈ ತಿಂಗಳನ್ನೇ ಹಿಡ್ಕೊಂಡು ಲೆಕ್ಕ ಹಾಕಿದ್ರೆ ನೀವು ಗೆರೆಯ ಕೆಳಗೆ. ಈ ಚೀಟಿ ಆರು ತಿಂಗಳ ಒಳಗೆ ಇರೋವರ್ಗೂ ಅರ್ಜಿ ಹಾಕೋ ಹಾಗಿಲ್ಲ. ಅಕ್ಟೋಬರಿಂದ ಮತ್ತೆ ಒಂದು, ಎರಡು ಅಂತ ಎಣಿಸ್ಬೇಕು."

ಮೆಟ್ಟಿಲಿಳಿದು ಬಂದು ಬಟ್ಟೆ ಅಂಗಡಿಯ ಮುಂದೆ ಸ್ಕೂಟರಿನ ಮೇಲೆ ಸುಮ್ಮನೆ ಕೂತೆ. ಅಂಗಡಿಯ ಹುಡುಗಿ ಹೊರಗೆ ಬಂದು, "ಸೀರೆ ಬೇಕಾ ಸಾರ್?" ಎಂದು ಕೇಳಿದಳು. ಬೇಡ ಅಂದೆ. ಹೆಂಡತಿಯನ್ನು ನೋಡಬೇಕೆಂಬ ಆಸೆಯೇ ಅವಳನ್ನು ಇನ್ನಷ್ಟು ದೂರ ತಳ್ಳಿತ್ತು. ನವೆಂಬರ್ ಅಂದುಕೊಂಡದ್ದು ಮಾರ್ಚ್‌ಗೆ ಹೋಯಿತು. ಅಲ್ಲಿಯವರೆಗೆ ಅವಳು ಬರುವ ಹಾಗಿಲ್ಲ, ಬಂದರೆ ಮತ್ತೆ ಮೊದಲಿಂದ.

ಅದೇ ವಾರ ಕಾರ್ಖಾನೆಯ ಸೆಪ್ಟೆಂಬರ್ ಹಾಜರಿ ನನ್ನ ಮೇಜಿಗೆ ಬಂತು. ಗೌರಿ ಗಣೇಶ ಬಿದ್ದ ತಿಂಗಳು ಯಾವಾಗಲೂ ಹಾಗೆ, ಪರದೆಯ ತುಂಬ ಕೆಂಪು ಹೆಸರುಗಳು. ಹಿಂದೆಲ್ಲ ಅದನ್ನು ನೋಡಿ ಗೊಣಗುತ್ತಿದ್ದೆ, ಈ ಹೆಂಗಸರಿಗೆ ಕೆಲಸದ ಮೇಲೆ ನಿಗಾ ಇಲ್ಲ ಎಂದು. ಈ ಸಲ ಒಂದೊಂದೇ ಹೆಸರು ಓದಿದೆ. ಹೊಲಿಗೆ ಸಾಲಿನವಳು ನಂಜನಗೂಡಿನ ಕಡೆಗೆ ಹೋಗಿದ್ದಾಳೆ, ಗುಂಡಿ ಹಾಕುವವಳು ಟಿ. ನರಸೀಪುರಕ್ಕೆ. ಎಲ್ಲರೂ ತವರಿಗೆ ಹೋಗಿ ಬಾಗಿನ ಇಸಕೊಂಡು ಬಂದವರು. ನನ್ನ ಹೆಂಡತಿಯ ಹೆಸರೂ ಆ ಪಟ್ಟಿಯಲ್ಲೇ ಸೇರಬೇಕಾದದ್ದು ಅನ್ನಿಸಿತು. ಎಲ್ಲದಕ್ಕೂ ಹೌದು, ಹೌದು ಎಂದು ಒತ್ತುತ್ತಾ ಹೋದೆ.

ಆಮೇಲೆ ನಾನೊಂದು ಭಂಡ ಧೈರ್ಯ ಮಾಡಿದೆ. ಹೆಂಡತಿಯ ಆಸ್ಪತ್ರೆಯ ಸಂಬಳ ವಿಭಾಗಕ್ಕೆ ಒಂದು ಇಮೇಲ್ ಬರೆದೆ. ಚೀಟಿಯ ಕೆಳಗೇ ವಿಳಾಸ ಇತ್ತು. ನಾನೂ ನಿಮ್ಮ ಕಸುಬಿನವನೇ, ಇಷ್ಟು ವರ್ಷದ ಅನುಭವ ಇದೆ, ಸೆಪ್ಟೆಂಬರಿನ ಸಂಬಳವಿಲ್ಲದ ದಿನಗಳನ್ನು ಮುಂದಿನ ವರ್ಷದ ರಜೆಯಲ್ಲಿ ಹೊಂದಿಸಿ ಹೊಸ ಚೀಟಿ ಕೊಟ್ಟರೆ ಒಂದು ಸಂಸಾರ ಒಂದುಗೂಡುತ್ತದೆ ಎಂದು, ಗೌರಿ ಹಬ್ಬದ ಮಹತ್ವವನ್ನೂ ಸೇರಿಸಿ, ಒಂದೂವರೆ ಪುಟ. ಮೂರು ಸಾಲಿನ ಉತ್ತರ ಬಂತು. ನೌಕರರ ವಿಷಯವನ್ನು ಬೇರೆಯವರ ಜೊತೆ ಚರ್ಚಿಸಲು ಅವಕಾಶವಿಲ್ಲ, ನೀವೂ ಈ ಕೆಲಸದಲ್ಲಿರುವುದರಿಂದ ನಿಮಗೆ ಇದು ಅರ್ಥವಾಗುತ್ತದೆ ಎಂದು ನಂಬಿದ್ದೇನೆ ಎಂದು ಬಹಳ ವಿನಯದಿಂದ ಬರೆದಿದ್ದರು. ಅರ್ಥವಾಯಿತು. ನಾನೇ ಆಗಿದ್ದರೂ ಇನ್ನೊಬ್ಬಳ ಗಂಡನಿಗೆ ಅದೇ ಉತ್ತರ ಕೊಡುತ್ತಿದ್ದೆ.

ಮಾರನೆಯ ದಿನ ಹೆಂಡತಿ ಫೋನ್ ಮಾಡಿದಾಗ ದನಿ ಗಡುಸಾಗಿತ್ತು.

"ವಾರ್ಡಿನ ಹೆಡ್ ನರ್ಸ್ ನನ್ನನ್ನ ಕರೆದು ನಿಮ್ಮ ಇಮೇಲ್ ಬಗ್ಗೆ ಕೇಳಿದ್ಲು. ಮುಖ ಎತ್ತೋಕಾಗ್ಲಿಲ್ಲ. ಇದು ನಿಮ್ಮ ಕಾರ್ಖಾನೆ ಅಲ್ಲ ಕಣ್ರೀ, ಇಲ್ಲಿ ಯಾರೂ ಅಡ್ಜಸ್ಟ್ ಮಾಡಲ್ಲ."

"ತಪ್ಪಾಯ್ತು. ಬೇಗ ಆಗ್ಲಿ ಅಂತ..."

"ನಂಗೆ ಬೇಗ ಆಗೋದು ಬೇಡ ಅನ್ಕೊಂಡ್ರಾ?"

ಅವಳು ಅಷ್ಟು ಹೇಳಿ ಅತ್ತಳು. ಫೋನಿನಲ್ಲಿ ಅಳುವವರನ್ನು ಸಮಾಧಾನ ಮಾಡಲು ನನಗೆ ಬರುವುದಿಲ್ಲ. ಎದುರಿಗಿದ್ದರೆ ಒಂದು ಲೋಟ ನೀರಾದರೂ ತಂದುಕೊಡಬಹುದಿತ್ತು. ಅವಳ ಚೀಟಿಯಲ್ಲಿ ಒಂದೆರಡು ಅಂಕಿ ತಿದ್ದಿ ಅಚ್ಚುಕಟ್ಟಾದ ಇನ್ನೊಂದು ಚೀಟಿ ಮಾಡುವುದು ನನಗೆ ಊಟದ ಬಿಡುವಿನಲ್ಲಿ ಮುಗಿಯುವ ಕೆಲಸ ಎಂಬ ಯೋಚನೆ ಆ ದಿನಗಳಲ್ಲಿ ಬಾರದೇ ಇರಲಿಲ್ಲ. ಸಿಕ್ಕಿಬಿದ್ದರೆ ವರ್ಷಗಟ್ಟಲೆ ವೀಸಾ ಇಲ್ಲ ಎನ್ನುವುದು ಒಂದು ಭಯ. ಅದಕ್ಕಿಂತ, ಅಷ್ಟು ವರ್ಷ ಬೇರೆಯವರ ಚೀಟಿಯಲ್ಲಿ ಒಂದು ಪೈಸೆ ಆಚೀಚೆ ಮಾಡದವನು ಸ್ವಂತ ಹೆಂಡತಿಯದ್ದನ್ನು ಮಾಡುವುದೇ ಎಂದು ರೇಗಿತು. ಆ ಯೋಚನೆಯನ್ನು ಅಲ್ಲಿಗೇ ಬಿಟ್ಟೆ.

ಅಕ್ಟೋಬರಿನಿಂದ ಎಣಿಕೆ ಮತ್ತೆ ಶುರುವಾಯಿತು. ಆ ನಡುವೆ ನನ್ನ ಪಾಲಿನ ಕಾಗದಗಳನ್ನು ಹೊಂದಿಸತೊಡಗಿದೆ. ಮದುವೆ ನೋಂದಣಿ ಪತ್ರದಲ್ಲಿ ನನ್ನ ಇನಿಷಿಯಲ್ ಮಾತ್ರ ಇತ್ತು, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಪೂರ್ತಿ. ಇಬ್ಬರೂ ಒಬ್ಬನೇ ಎಂದು ನೋಟರಿ ಮುಂದೆ ಪ್ರಮಾಣ ಮಾಡಿದೆ. ಬೆಂಗಳೂರಿಗೆ ಹೋಗಿ ಇಂಗ್ಲಿಷ್ ಮಾತನಾಡುವ ಪರೀಕ್ಷೆ ಕೊಟ್ಟೆ. ಪರೀಕ್ಷಕ ನನ್ನ ಇಷ್ಟದ ಹಬ್ಬದ ಬಗ್ಗೆ ಹೇಳಿ ಅಂದ. ಗೌರಿ ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡು ದಸರಾ ಅಂದೆ. ನಾವು ನಿಜವಾದ ಗಂಡಹೆಂಡಿರು ಎಂದು ತೋರಿಸಲು ಫೋಟೋ, ಫೋನ್ ಕರೆಗಳ ಪಟ್ಟಿ, ಸಂದೇಶಗಳ ಪ್ರತಿ ಬೇಕಿತ್ತು. ಸಂದೇಶಗಳನ್ನು ಆರಿಸಲು ಕೂತರೆ ಮುಕ್ಕಾಲುಪಾಲು 'ಊಟ ಆಯ್ತಾ' ಎಂದೇ ಇತ್ತು. ಅದನ್ನೇ ಕೊಟ್ಟೆ. ವಕೀಲೆ ಓದಿ, "ಇದಕ್ಕಿಂತ ಸಾಕ್ಷಿ ಬೇಕಾ ಸಾರ್" ಎಂದು ನಕ್ಕರು.

ಅಕ್ಟೋಬರ್, ನವೆಂಬರ್, ಡಿಸೆಂಬರ್ ಚೀಟಿಗಳು ಸರಿಯಾಗಿ ಬಂದವು. ಅವಳಿಗೆ ಜ್ವರ ಬಂದರೆ ಇಲ್ಲಿ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು, ಎಲ್ಲಿ ಸಂಬಳ ಕಡಿದುಬಿಡುತ್ತಾರೋ ಎಂದು. ಆಮೇಲೆ ನನಗೇ ನಾಚಿಕೆಯಾಗುತ್ತಿತ್ತು. ಮೊದಲು ಜ್ವರ ಎಷ್ಟಿದೆ ಎಂದು ಕೇಳಬೇಕಿತ್ತು.

ಸಂಕ್ರಾಂತಿಯ ಹೊತ್ತಿಗೆ ಭಾಮೈದನ ಮದುವೆ ಗೊತ್ತಾಯಿತು. ಲಗ್ನ ಬಿದ್ದದ್ದು ಫೆಬ್ರವರಿಯಲ್ಲಿ. ಹೆಣ್ಣಿನ ಕಡೆಯವರು ಆ ದಿನಕ್ಕೆ ಛತ್ರವನ್ನೂ ಹಿಡಿದರು. ನಮ್ಮಲ್ಲಿ ಮದುವೆಗಂಡಿನ ಅಕ್ಕನೋ ತಂಗಿಯೋ ಕಳಸಗಿತ್ತಿಯಾಗಬೇಕು. ಕಳಸ ಹಿಡಿದು ತಮ್ಮನ ಪಕ್ಕದಲ್ಲೇ ಇದ್ದು, ಶಾಸ್ತ್ರ ಶಾಸ್ತ್ರಕ್ಕೂ ಅವನ ಜೊತೆ ನಡೆಯುವವಳು ಅವಳು. ಭಾಮೈದನಿಗೆ ಇರುವುದು ಒಬ್ಬಳೇ ಅಕ್ಕ.

"ಹತ್ತು ದಿನ ರಜೆ ಕೊಡ್ತಾರಂತೆ. ಸಂಬಳ ಇಲ್ಲದ್ದೇ" ಎಂದಳು ಹೆಂಡತಿ. ಈ ಸಲ ಬಂದುಬಿಡಲಾ ಎಂದು ಕೇಳಲಿಲ್ಲ. ಕೇಳಿದ್ದರೆ ಬಾ ಎನ್ನುತ್ತಿದ್ದೆನೋ ಏನೋ, ಗೊತ್ತಿಲ್ಲ. "ಅವನನ್ನ ಎತ್ತಿ ಆಡಿಸಿದೋಳು ನಾನು. ಅಮ್ಮಂಗೆ ನೀವೇ ಹೇಳಿ, ನನ್ ಕೈಲಾಗಲ್ಲ" ಎಂದು ಫೋನಿಟ್ಟಳು.

ಆ ಭಾನುವಾರ ನಾಲ್ಕು ಚೀಟಿಗಳನ್ನು ಜೇಬಿನಲ್ಲಿಟ್ಟುಕೊಂಡು ಸಿದ್ಧಾರ್ಥನಗರಕ್ಕೆ ಹೋದೆ. ಸೆಪ್ಟೆಂಬರಿನದ್ದು ಒಂದು, ಆಮೇಲಿನವು ಮೂರು. ಊಟವಾದ ಮೇಲೆ ಅವುಗಳನ್ನು ಮೇಜಿನ ಮೇಲೆ ಹರಡಿದೆ. ಅತ್ತೆಗೆ ಇಂಗ್ಲಿಷ್ ಬಾರದು, ಅಂಕಿ ಬರುತ್ತದೆ. ಈ ಮೂರು ಒಂದೇ ಸಮ ಇವೆ, ಇದೊಂದು ಕುಗ್ಗಿದೆ, ಇದು ಗೌರಿಯ ತಿಂಗಳು ಎಂದೆ. ಇಂಥ ಕುಗ್ಗಿದ ತಿಂಗಳು ಆರರಲ್ಲಿ ಒಂದಿದ್ದರೂ ನಾನು ಅರ್ಜಿ ಹಾಕುವ ಹಾಗಿಲ್ಲ ಎಂದೆ.

ಅತ್ತೆ ಗೌರಿಯ ಚೀಟಿಯ ಮೇಲೆ ಬೆರಳಿಟ್ಟರು.

"ಇದು ನಾನು ಮಾಡ್ಸಿದ್ದು ಅನ್ನಿ."

"ಅಂಗಲ್ಲ ಅತ್ತೆ. ಬಾ ಅಂದಿದ್ದು ನಾನೂನೂ."

ಭಾಮೈದ ಮಧ್ಯೆ ಬಾಯಿ ಹಾಕಿದ. "ಭಾವ, ಮುಂದಕ್ಕೆ ಹಾಕೋಣ. ಏಪ್ರಿಲ್ ಆದ್ಮೇಲೆ ಅಕ್ಕಂಗೆ ಹೊಸ ರಜೆ ಬತ್ತದಲ್ಲ. ಹೆಣ್ಣಿನ ಕಡೆಯೋರ್ ಹತ್ರ ನಾನೇ ಮಾತಾಡ್ತೀನಿ."

"ಸುಮ್ಕಿರೋ" ಎಂದರು ಅತ್ತೆ. "ಆ ಹುಡ್ಗಿ ಮನೇಲಿ ನೆಂಟ್ರಿಗೆಲ್ಲ ಹೇಳಾಗದೆ. ನಮ್ಮನೆ ಹೆಣ್ಮಗು ಕಾಯ್ತಾವ್ಳೆ ಅಂತ ಅವ್ರ ಮನೆ ಹೆಣ್ಮಗೂನೂ ಕಾಯಿಸ್ಬೇಕಾ?"

ಅಷ್ಟು ಹೇಳಿ, ನನ್ನ ಕಡೆ ಕೈ ಚಾಚಿದರು. "ಫೋನ್ ಹಾಕ್ಕೊಡಿ ಅಳಿಯಂದ್ರೇ. ನಾನೇ ಯೋಳ್ತೀನಿ."

ಹಾಕಿಕೊಟ್ಟೆ. ಅತ್ತೆ ಪೀಠಿಕೆಯೇ ಇಲ್ಲದೆ ಶುರುಮಾಡಿದರು. "ನೋಡವ್ವ, ನೀನು ಬರ್ಬೇಡ. ಕಳಸ ಇಡ್ಕೊಳಕ್ಕೆ ನಿಮ್ ದೊಡ್ಡಪ್ಪನ ಮೊಮ್ಮಗಳವ್ಳೆ. ನಿನ್ ಸಂಸಾರ ಇಡ್ಕೊಳಕ್ಕೆ ನೀನೇ ಬೇಕು. ಅಳ್ಬೇಡ. ಅಳ್ಬೇಡ ಅಂದೆ ಕಣಮ್ಮ. ಗೌರಿಗೆ ಬಾ ಅಂದೋಳೂ ನಾನೇ, ಈಗ ಬರ್ಬೇಡ ಅಂತಿರೋಳೂ ನಾನೇ. ಯಾರಾದ್ರೂ ಕೇಳುದ್ರೆ ನಮ್ಮವ್ವ ಬರ್ಬೇಡ ಅಂದ್ಬುಟ್ಲು ಅನ್ನು." ಫೋನನ್ನು ನನ್ನ ಕೈಗಿಟ್ಟು ಒಳಗೆ ಹೋದರು. ಅಡುಗೆಮನೆಯಲ್ಲಿ ನಲ್ಲಿ ಬಹಳ ಹೊತ್ತು ಹರಿಯುತ್ತಿತ್ತು. ತೊಳೆಯಲು ಪಾತ್ರೆ ಇರಲಿಲ್ಲ, ಎಲ್ಲ ಇನ್ನೂ ಮೇಜಿನ ಮೇಲೇ ಇದ್ದವು.

ಮದುವೆ ಚೆನ್ನಾಗಿ ನಡೆಯಿತು. ಕಳಸ ಹಿಡಿದ ಹುಡುಗಿಗೆ ಏಳೋ ಎಂಟೋ ವರ್ಷ. ತೆಂಗಿನಕಾಯಿ ಬಿದ್ದುಹೋಗುತ್ತದೆಂದು ಎರಡೂ ಕೈಯಲ್ಲಿ ಅವುಚಿಕೊಂಡು ಭಾಮೈದನ ಪಕ್ಕ ನಡೆಯುತ್ತಿತ್ತು. ಕಳಸಗಿತ್ತಿಗೆ ಸೀರೆ ಕೊಡುವುದು ಪದ್ಧತಿ. ಆ ಮಗುವಿಗೆ ಅತ್ತೆ ರೇಷ್ಮೆ ಲಂಗ ಕೊಟ್ಟರು. ಸಂಪಿಗೆ ಬಣ್ಣದ ಸೀರೆಯೊಂದನ್ನೂ ತಂದಿದ್ದರು, ಅದನ್ನು ಕಳಸದ ಮುಂದಿಟ್ಟು, ಅರಿಶಿನ ಕುಂಕುಮ ಹಚ್ಚಿ, ಮತ್ತೆ ತಮ್ಮ ಚೀಲಕ್ಕೇ ಹಾಕಿಕೊಂಡರು. ಬಂದವರೆಲ್ಲ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, ಎಲ್ಲಿ ಮನೆಯವರು? ರಜೆ ಸಿಗಲಿಲ್ಲ ಅಂದೆ. ಧಾರೆಯ ಹೊತ್ತಿಗೆ ವಿಡಿಯೋ ಮಾಡಿ ತೋರಿಸುತ್ತೇನೆ ಎಂದಿದ್ದಕ್ಕೆ ಹೆಂಡತಿ ಬೇಡವೆಂದಿದ್ದಳು. "ನೋಡಿದ್ರೆ ಆಮೇಲೆ ಡ್ಯೂಟಿ ಮಾಡೋಕಾಗಲ್ಲ ಕಣ್ರೀ" ಎಂದಿದ್ದಳು. ಗಟ್ಟಿಮೇಳ ಮೊಳಗಿ ಎಲ್ಲರೂ ಅಕ್ಷತೆ ಹಾಕುವಾಗ ನಾನು ಎರಡು ಸಲ ಹಾಕಿದೆ.

ತಿಂಗಳ ಕೊನೆಗೆ ಫೆಬ್ರವರಿಯ ಚೀಟಿ ಬಂತು. ಕಾರ್ಖಾನೆಯ ಮೇಜಿನಲ್ಲೇ ಕೂತು ತೆರೆದೆ. ಪೂರ್ತಿ ಸಂಬಳ. ಒಂದು ದಿನವೂ ಕಡಿದಿರಲಿಲ್ಲ. ನಾವು ಬೇಡಿಕೊಂಡದ್ದು ಅದನ್ನೇ. ಆದರೆ ಆ ಚೀಟಿ ನೋಡಿ ನನಗೆ ಬಂದದ್ದು ಅಳು. ಇಷ್ಟು ವರ್ಷ ಸಾವಿರಾರು ಚೀಟಿ ತೆಗೆದಿದ್ದೇನೆ. ಸಂಬಳ ರಹಿತ ಕಾಲಮಿನಲ್ಲಿ ಸೊನ್ನೆ ಇದ್ದರೆ ಒಳ್ಳೆಯ ಕೆಲಸಗಾರ್ತಿ ಎಂದುಕೊಂಡು ಮುಂದಿನ ಹೆಸರಿಗೆ ಹೋಗುತ್ತಿದ್ದೆ. ಆ ಸೊನ್ನೆಯ ಬೆಲೆ ಏನೆಂದು ಆ ದಿನ ತಿಳಿಯಿತು. ತಮ್ಮನ ಮದುವೆಯ ದಿನ ಅವಳು ಯಾರೋ ಮುದುಕನ ರಕ್ತದೊತ್ತಡ ನೋಡುತ್ತಿದ್ದಳು.

ಮಾರ್ಚಿನ ಚೀಟಿ ಬಂದ ಮೇಲೆ ಆರು ತುಂಬಿತು. ಏಪ್ರಿಲ್‌ನಲ್ಲಿ ಅರ್ಜಿ ಹೋಯಿತು. ವಕೀಲೆ ಚೀಟಿ, ಬ್ಯಾಂಕಿನ ದಾಖಲೆ, ಆಸ್ಪತ್ರೆಯ ಪತ್ರ ಮೂರನ್ನೂ ಸಾಲಾಗಿಟ್ಟು ಒಂದೊಂದೇ ಅಂಕಿಯ ಮೇಲೆ ಪೆನ್ಸಿಲಿನ ತುದಿ ಇಡುತ್ತಾ ಹೋದರು. ಎಲ್ಲಿಯೂ ಒಂದು ಪೆನ್ನಿಯೂ ತಪ್ಪಿರಲಿಲ್ಲ. ಬೆಂಗಳೂರಿನಲ್ಲಿ ಬೆರಳಚ್ಚು ಕೊಟ್ಟು ಬಂದೆ. ಮುಂದೆ ಮಾಡಲು ಕೆಲಸವೇ ಉಳಿಯಲಿಲ್ಲ, ಕಾಯುವುದೊಂದೇ. ಅದು ಎಲ್ಲಕ್ಕಿಂತ ಕಷ್ಟ. ಕಾಗದ ಹೊಂದಿಸುವಾಗ ಅವಳಿಗಾಗಿ ಏನೋ ಮಾಡುತ್ತಿದ್ದೇನೆ ಎಂಬ ಸಮಾಧಾನವಾದರೂ ಇತ್ತು. ಈಗ ಸಂಜೆ ಮನೆಗೆ ಬಂದರೆ ಬರೀ ಡಬ್ಬಗಳು.

ವೀಸಾ ಬಂದದ್ದು ಜುಲೈನಲ್ಲಿ. ಟಿಕೆಟ್ ಸಿಕ್ಕ ದಿನ ಆಷಾಢದ ನಡುಮಧ್ಯ. ಅತ್ತೆ ಏನನ್ನುತ್ತಾರೋ ಎಂದು ಅಳುಕಿಕೊಂಡೇ ಹೇಳಿದೆ, ಬೇಕಾದರೆ ಶ್ರಾವಣ ಬರುವವರೆಗೆ ಕಾಯುತ್ತೇನೆ ಎಂದೂ ಸೇರಿಸಿದೆ.

"ಅಯ್ಯೋ ಬುಡಿ, ಆಷಾಢಾನಂತೆ! ನೀವಿಬ್ರೂ ವರ್ಷೊಂಬತ್ ಕಾಲ ಆಷಾಢಾನೇ ಮಾಡಿದ್ದೀರ. ಒಲ್ಟೋಗಿ ಅತ್ಲಾಗೆ" ಎಂದರು ಅತ್ತೆ. ಒಳಗೆ ಹೋಗಿ ಸಂಪಿಗೆ ಬಣ್ಣದ ಸೀರೆ ತಂದು ಕೈಗಿಟ್ಟರು. ಫೆಬ್ರವರಿಯಲ್ಲಿ ಹಚ್ಚಿದ ಅರಿಶಿನ ಇನ್ನೂ ಅಂಚಿನಲ್ಲಿತ್ತು. "ಕಳಸಗಿತ್ತೀದು. ಅವ್ಳಿಗೇ ಕೊಡಿ. ಉಡಿಸಿ ಒಂದು ಫೋಟೋ ಕಳ್ಸಿ" ಎಂದರು. ಊಟಕ್ಕೆ ಕೂತೆ, ಕಿಟಕಿಯ ಪಕ್ಕದ ಕುರ್ಚಿಯಲ್ಲೇ. ಹೊಸ ಸೊಸೆ ಬಡಿಸಲು ಬಂದರೆ ಅತ್ತೆ ಅವಳ ಕೈಯಿಂದ ಸೌಟು ತೆಗೆದುಕೊಂಡು ತಾವೇ ಬಡಿಸಿದರು. ಬೇಡ ಎಂದರೂ ಇನ್ನೊಂದು ಮುದ್ದೆ ಹಾಕಿದರು. "ಮುಂದ್ಲ ವಾರ್ದಿಂದ ಆ ಕುರ್ಚಿ ಖಾಲಿ" ಎಂದು ಯಾರಿಗೂ ಅಲ್ಲದ ಹಾಗೆ ಅಂದು, ಸಾರು ತರಲು ಒಳಗೆ ಹೋದರು. ತವರು ಬಿಟ್ಟು ಹೋಗುವುದು ಎಂದರೇನು ಎಂದು ಆ ಹೊತ್ತಿನಲ್ಲಿ ನನಗೆ ಅರ್ಥವಾಯಿತು.

ಕಾರ್ಖಾನೆಯಲ್ಲಿ ನನ್ನ ಕಡೆಯ ಕೆಲಸ ನನ್ನದೇ ಚೀಟಿ ತೆಗೆಯುವುದು. ನನ್ನ ಜಾಗಕ್ಕೆ ಬಂದವರು ತಾವು ಮಾಡುತ್ತೇವೆ ಎಂದರು, ನಾನೇ ಮಾಡುತ್ತೇನೆ ಎಂದೆ. ಇಷ್ಟು ವರ್ಷದಲ್ಲಿ ನನ್ನ ಹೆಸರು ಒಂದು ಸಲವೂ ಕೆಂಪಾಗಿರಲಿಲ್ಲ. ಹಾಜರಿ ತುಂಬಿಸಿದೆ. ತಿಂಗಳು ಶುರುವಾದ ಕೆಲವೇ ದಿನ ಇದ್ದೆ, ಮಿಕ್ಕ ದಿನಗಳೆಲ್ಲ ಸಂಬಳ ರಹಿತ. ಅವು ನಾನು ಅವಳ ಜೊತೆ ಇರುವ ದಿನಗಳು. ಹೆಸರು ಕೆಂಪಗಾಯಿತು. ಹಾಜರಿ ಕಡಿಮೆ ಇದೆ, ಮುಂದುವರಿಸಬೇಕೆ ಎಂದು ಕೇಳಿತು.

ಹೌದು ಎಂದು ಒತ್ತಿದೆ.